ಬೀಳಗಿ ಸರ್ವರ್ ಯಾಕೆ ಉತ್ತರ ಕೊಡಲಿಲ್ಲ?

ಸರ್ವರ್ ಕೈಕೊಡುವುದಕ್ಕೆ ಏನೇನು ಕಾರಣ ಇರಬಹುದು? ಕರೆಂಟು, ಧೂಳು, ವೈರಸ್, ಕೇಬಲ್ ಕಡಿದ ಇಲಿ. ನಾನು ಓದಿದ ಪುಸ್ತಕಗಳಲ್ಲಿ ಇಷ್ಟೇ ಇತ್ತು. ಹೆಣ್ಣು ಕೊಡುವ ಮಾತುಕತೆ ಯಾವ ಪುಸ್ತಕದಲ್ಲೂ ಇರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಜಮಖಂಡಿಯ ಒಂದು ಪತ್ತಿನ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಮುಧೋಳ, ಬೀಳಗಿ, ಬನಹಟ್ಟಿಯಲ್ಲಿ ಶಾಖೆಗಳು, ಒಂದೊಂದರಲ್ಲೂ ಒಂದು ಸರ್ವರ್. (ಸರ್ವರ್ ಅಂದರೆ ದೊಡ್ಡದೇನಲ್ಲ, ಮೂಲೆಯಲ್ಲಿ ಗುಂಯ್‌ಗುಡುವ ಒಂದು ಡಬ್ಬಿ. ಅದರ ಮೇಲೆ ಊಟದ ಬುತ್ತಿ ಇಡಬೇಡಿ ಎಂದು ಹೇಳುವುದೇ ನನ್ನ ಅರ್ಧ ನೌಕರಿ.) ವಾರಾವಾರ ಬಸ್ಸು ಹತ್ತಿ ಮೂರೂ ಊರು ಸುತ್ತಿ, ಬ್ಯಾಕಪ್ ತೆಗೆದು, ಅಪ್‌ಡೇಟ್ ಹಾಕಿ, ಸೊಂಟ ಹಿಡಿದುಕೊಂಡು ವಾಪಸ್ ಬರುತ್ತಿದ್ದೆ.

ಆಗ ಸಿಕ್ಕಿತು ನೋಡಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಒಂದು ಟೂಲ್‌ಕಿಟ್. ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಬರೆದಿಟ್ಟರೆ ಸಾಕು. ದೂರದ ಸರ್ವರ್‌ಗಳಿಗೆ ತಾನೇ ಲಾಗಿನ್ ಆಗಿ ಒಂದೊಂದನ್ನೂ ಮಾಡಿ ಮುಗಿಸುತ್ತದೆ. ಕೆಲಸ ಆದರೆ ನನ್ನ ಸ್ಕ್ರೀನ್ ಮೇಲೆ ಹಸಿರು ಅಕ್ಷರ, ಆಗದಿದ್ದರೆ ಕೆಂಪು. ಜಮಖಂಡಿಯಲ್ಲಿ ಕೂತು ಎಂಟರ್ ಒತ್ತಿದೆ. ಚಹಾ ಆರುವುದರೊಳಗೆ ಮೂರೂ ಊರು ಹಸಿರು.

ನಮ್ಮ ಮ್ಯಾನೇಜರ್ ಸಾಹೇಬರು ನಗುವುದು ಅಪರೂಪ. ಅವತ್ತು ನಕ್ಕರು. "ಛಲೋ ಆತು ಬಿಡ್ರಿ ಮೇಡಂ. ಇನ್ನ ಮ್ಯಾಲೆ ನೀವು ಎಲ್ಲೂ ಹೋಗೂದು ಬ್ಯಾಡ," ಎಂದರು. ನಾನು ಬೀಗಿದೆ. ಬೀಗಬಾರದೇ?

ಸ್ವಲ್ಪ ದಿನ ಎಲ್ಲ ಸರಿಯಿತ್ತು. ಆಮೇಲೊಂದು ಶನಿವಾರ ಬೀಳಗಿ ಕೆಂಪಾಯಿತು. ಫೋನ್ ಮಾಡಿದೆ. ಎತ್ತಿದ್ದು ಅಲ್ಲಿನ ಅಕೌಂಟೆಂಟ್ ಗಿರಿಜಕ್ಕ, ನನಗಿಂತ ಹಿರಿಯರು.

"ವೈರ್ ಎಲ್ಲಾ ಬರೋಬ್ಬರಿ ಅದಾವೇನ್ರಿ ಅಕ್ಕಾರ?"

"ನಮಗೇನ್ ತಿಳೀತೈತಿ ತಂಗಿ. ನೀನ ಬಂದ ನೋಡು."

ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಂತುಕೊಂಡೇ. ನೋಡಿದರೆ ಸರ್ವರ್ ಆರಾಮಾಗಿತ್ತು. ನೆಟ್‌ವರ್ಕ್ ಕೇಬಲನ್ನು ಮಾತ್ರ ಕಿತ್ತು, ನೀಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಡಲಾಗಿತ್ತು. ಇಲಿಗೆ ರಬ್ಬರ್ ಬ್ಯಾಂಡ್ ಹಾಕಲು ಬರುತ್ತದೆಯೇ?

ನಾನು ಬಾಯಿ ತೆರೆಯುವ ಮೊದಲೇ ಗಿರಿಜಕ್ಕ ತಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟರು.

"ಸಿಟ್ಟಿಗೇಳಬ್ಯಾಡ. ಒಂದ್ ಕೆಲಸ ಇತ್ತು."

ಕೆಲಸ ಇದು. ಬನಹಟ್ಟಿ ಶಾಖೆಯ ಕ್ಯಾಷಿಯರ್ ಮಲ್ಲಪ್ಪಣ್ಣನ ತಮ್ಮ ಹೈಸ್ಕೂಲ್ ಮಾಸ್ತರ. ಗಿರಿಜಕ್ಕನ ಮಗಳು ಬಿ.ಎಡ್. ಮುಗಿಸಿದ್ದಾಳೆ. ಆ ಮನೆಯವರಿಗೆ ಮನಸ್ಸಿದೆಯೋ ಇಲ್ಲವೋ, ನಾನು ಮೆಲ್ಲಗೆ ತಿಳಿದುಕೊಂಡು ಬರಬೇಕು.

"ಫೋನ್ ಮಾಡಿ ಕೇಳಬಹುದಿತ್ತಲ್ಲರಿ," ಎಂದೆ.

"ಫೋನ್ ಮಾಡಿ ಕೇಳಿದ್ರ ಕೇಳಿದಂಗ ಆಗತೈತಿ. ನಿನ್ ಕಡಿಂದ ಕೇಳಿಸಿದ್ರ ಕೇಳಲಾರದಂಗೂ ಆಗತೈತಿ. ಅವರು ಒಲ್ಲೆ ಅಂದ್ರ, ನಾಳೆ ಮೀಟಿಂಗಿನ್ಯಾಗ ಮಲ್ಲಪ್ಪಣ್ಣನ ಮಾರಿ ನಾ ಹೆಂಗ ನೋಡ್ಲಿ?"

ವಾರಾವಾರ ಊರು ಸುತ್ತುವಾಗ ನಾನು ಬರೀ ಬ್ಯಾಕಪ್ ಹೊರುತ್ತಿದ್ದೇನೆ ಎಂದುಕೊಂಡಿದ್ದೆ. ಮುಧೋಳದ ಕುಪ್ಪಸದ ಅಳತೆ ಬನಹಟ್ಟಿಗೆ, ಬನಹಟ್ಟಿಯ ಸೀರೆ ಬೀಳಗಿಗೆ, ಯಾರಿಗೆ ಯಾರ ಮೇಲೆ ಸಿಟ್ಟು ಬಂದಿದೆ ಎನ್ನುವುದು ಎಲ್ಲ ಕಡೆಗೂ. ಇವನ್ನೂ ನಾನೇ ಹೊರುತ್ತಿದ್ದೆ. ಇದ್ಯಾವುದೂ ನನ್ನ ಪ್ರೋಗ್ರಾಮಿನಲ್ಲಿ ಇರಲಿಲ್ಲ.

ಸರಿ, ಬನಹಟ್ಟಿಗೆ ಹೋದೆ. ಮಲ್ಲಪ್ಪಣ್ಣ ಎಲ್ಲ ಕೇಳಿಸಿಕೊಂಡು, ಕನ್ನಡಕ ಒರೆಸಿ, "ಮನ್ಯಾಗ ಕೇಳಿ ಹೇಳ್ತೀನ್ರಿ," ಎಂದರು. ಮಾತಿನ ಭರದಲ್ಲಿ ಕೇಬಲ್ ಕಥೆಯನ್ನೂ ನಗುತ್ತ ಹೇಳಿಬಿಟ್ಟೆ. ಮುಂದಿನ ವಾರ ಬನಹಟ್ಟಿ ಕೆಂಪು.

"ಹುಡುಗಗ ಮನಸ್ಸೈತ್ರಿ," ಎಂದರು ಮಲ್ಲಪ್ಪಣ್ಣ, ಕೇಬಲ್ ನನ್ನ ಕೈಗೆ ಕೊಡುತ್ತ. "ಹುಡುಗಿ ಏನಂತಾಳ ಕೇಳ್ರಿ. ಅವರವ್ವ ಅಲ್ಲ, ಆಕಿ."

ಆಕೆಯನ್ನು ಕೇಳಬೇಕಲ್ಲ? ಗಿರಿಜಕ್ಕನಿಗೆ ಸುದ್ದಿ ಮುಟ್ಟಿಸಿದೆ. ಅದರ ಮುಂದಿನ ವಾರ ಬೀಳಗಿ ಮತ್ತೆ ಕೆಂಪು. ಹುಡುಗಿ ತಾನೇ ಶಾಖೆಗೆ ಬಂದು ಕೂತಿದ್ದಳು. "ಲಗ್ನ ಆದ ಮ್ಯಾಲೂ ನಾ ಸಾಲಿಗೆ ಕಲಿಸಾಕ ಹೋಗಾಕಿ. ಅದಕ್ಕ ಹೂಂ ಅಂದ್ರ ನಂದೂ ಹೂಂ," ಎಂದಳು. ತಾಯಿ ಬೇರೆ ಕಡೆ ನೋಡಿದರು. ಆ ಮಾತನ್ನೂ ಬನಹಟ್ಟಿಗೆ ಮುಟ್ಟಿಸಿದೆ.

ಅಷ್ಟರಲ್ಲಿ ಸಾಹೇಬರ ತಾಳ್ಮೆ ಮುಗಿದಿತ್ತು. ಒಂದು ದಿನ ಕರೆಸಿದರು. "ಮೇಡಂ, ನಿಮ್ಮ ಪ್ರೋಗ್ರಾಮ್ ಭಾಳ ಕೆಡಾಕತ್ತೈತಿ. ಹುಬ್ಬಳ್ಳಿ ಕಂಪನಿಯವರಿಗೆ ಬರಾಕ ಹೇಳ್ತೀನಿ. ನಿಮ್ಮದು ತಗದಬಿಡ್ರಿ."

ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಬರೆದ ಪ್ರೋಗ್ರಾಮ್ ಅದು. ಒಂದು ಸಲವೂ ತಪ್ಪಿಲ್ಲ. ಸುಮ್ಮನಿದ್ದರೆ ಅದಕ್ಕೆ ಕೆಟ್ಟ ಹೆಸರು. ಬಾಯಿಬಿಟ್ಟರೆ ಗಿರಿಜಕ್ಕನಿಗೆ ಮೆಮೊ, ಇನ್ನೂ ಕೂಡಿಬರದ ಸಂಬಂಧದ ಸುದ್ದಿ ಊರ ತುಂಬ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಾನು ಎದ್ದು ಬಾಗಿಲು ಹಾಕಿದೆ. ಎಲ್ಲ ಹೇಳಿದೆ.

ಸಾಹೇಬರು ಪೆನ್ನು ಕೆಳಗಿಟ್ಟರು. ಕಿಟಕಿಯಾಚೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

"ನೌಕರಿ ವಿಷಯಕ್ಕ ಹುಡುಗ ಏನಂದ?"

"ಇನ್ನ ಗೊತ್ತಿಲ್ರಿ ಸರ್. ಬನಹಟ್ಟಿ ಇವತ್ತ ಮುಂಜಾನೆ ಕೆಂಪಾಗೈತಿ."

"ಮತ್ತ ಇಲ್ಲ್ಯಾಕ ಕುಂತೀರಿ? ಬಸ್ಸಿಗೆ ಹೊತ್ತಾತು."

ಹುಡುಗ ಹೂಂ ಅಂದಿದ್ದ. ಹುಬ್ಬಳ್ಳಿಯವರು ಬರಲಿಲ್ಲ. ನಿಶ್ಚಯ ಬೀಳಗಿಯಲ್ಲೇ ಆಯಿತು. ಸಾಹೇಬರು ಮುಂದಿನ ಸಾಲಿನಲ್ಲಿ ಕೂತು ಎರಡು ಸಲ ಹೋಳಿಗೆ ಹಾಕಿಸಿಕೊಂಡರು. ನನಗೆ ಸಂಬಂಧ ಕೂಡಿಸಿದ ಮರ್ಯಾದೆಯ ಸೀರೆ.

ಆದರೆ ಮರುದಿನದಿಂದಲೇ ಆ ಹುಡುಗ ಹುಡುಗಿ ಗಂಟೆಗಟ್ಟಲೆ ನೇರ ಫೋನಿನಲ್ಲೇ ಮಾತಾಡತೊಡಗಿದರು. ಈಗ ಹೇಳಿ, ಕೆಲಸ ಕಳೆದುಕೊಂಡವರು ಯಾರು?