ಮೂರು ಜನರ ಫೋಟೊ

"ಡಿಲೀಟ್ ಹೇಗಾಯ್ತು ಮೇಡಂ?"

"ತಾನಾಗೇ ಆಯ್ತು," ಎಂದೆ.

ಎನ್.ಆರ್. ಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ರಮೇಶಣ್ಣ ನನ್ನ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಒಮ್ಮೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ತಾನಾಗೇ ಆಗಿದ್ರೆ ಎಲ್ಲಾ ಹೋಗ್ತಿತ್ತು ಮೇಡಂ. ಒಂದೇ ಫೋಟೊ ಹೋಗಿದೆ ಅಂದ್ರೆ ಯಾರೋ ಒತ್ತಿರ್ಬೇಕು. ಮನೇಲಿ ಮಕ್ಕಳಿದ್ದಾರಾ?"

ಇಲ್ಲ. ಒತ್ತಿದ್ದು ನಾನೇ. ಅದೂ ಎರಡು ಸಲ. (ಮೊದಲ ಸಲ ಒತ್ತಿದಾಗ ಕ್ಯಾಮೆರಾ "ಖಂಡಿತಾನಾ?" ಎಂದು ಕೇಳುತ್ತದೆ. ಹಾಳಾದ್ದು, ಅದಕ್ಕಿದ್ದ ವಿವೇಕವೂ ನನಗಿರಲಿಲ್ಲ.)

ವಿಷಯಕ್ಕೆ ಬರುತ್ತೇನೆ. ನಾನು, ಗಿರಿಜಾ, ನಸೀಮಾ. ಕೊಪ್ಪದ ಒಂದೇ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಜೊತೆಗೆ ಪಾಠ ಮಾಡಿದವರು. ನಾನು ವಿಜ್ಞಾನ, ನಸೀಮಾ ಗಣಿತ, ಗಿರಿಜಾ ಹಿಂದಿ. ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಮೂರು ಡಬ್ಬಿ ಬಿಚ್ಚಿದರೆ ಯಾರ ಪಲ್ಯ ಯಾರ ಬಾಯಿಗೆ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ. ರಜೆ ಬಂತೆಂದರೆ ಮೂವರೂ ಬಸ್ಸು ಹತ್ತಿ ಶೃಂಗೇರಿಗೋ ಬಾಳೆಹೊನ್ನೂರಿಗೋ ಹೊರಡುತ್ತಿದ್ದೆವು. ಆದರೆ ನಾವು ಮೂವರೇ ಇರುವ ಫೋಟೊ ಒಂದೂ ಇರಲಿಲ್ಲ.

ಕಾರಣ ಗಿರಿಜಾ. ಮೂರು ಜನ ನಿಂತು ಫೋಟೊ ತೆಗೆಸಿಕೊಳ್ಳಬಾರದು ಎಂಬ ಮಾತು ನಿಮ್ಮ ಮನೆಯಲ್ಲೂ ಇರಬಹುದು. ತೆಗೆಸಿಕೊಂಡರೆ ಮೂವರಲ್ಲಿ ಒಬ್ಬರಿಗೆ ಕೆಟ್ಟದ್ದಾಗುತ್ತದಂತೆ. ಹೇಳಿದವರು ಯಾರು? ಕ್ಯಾಮೆರಾ ಬಂದದ್ದೇ ಮೊನ್ನೆ ಮೊನ್ನೆ, ಅಷ್ಟರೊಳಗೆ ಅದಕ್ಕೆ ಶಾಸ್ತ್ರ ಬರೆದ ಋಷಿ ಯಾರು? ನಾನು ಹೀಗೆಲ್ಲ ಕೂಗಾಡುತ್ತಿದ್ದೆ. ಗಿರಿಜಾ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

"ನಂಗೆ ಎಂತ ಬೇಕಾದ್ರೂ ಆಗ್ಲಿ ಮಾರಾಯ್ತಿ. ನಿಮ್ಮಿಬ್ರಲ್ಲಿ ಒಬ್ರಿಗೆ ಆದ್ರೆ ಎಂತ ಮಾಡದು?" ಎನ್ನುತ್ತ ದಾರಿಯಲ್ಲಿ ಹೋಗುವ ಯಾರನ್ನಾದರೂ ಕೈಹಿಡಿದು ಎಳೆದು ತರುತ್ತಿದ್ದಳು.

ಹಾಗಾಗಿ ನಮ್ಮ ಪ್ರತಿ ಫೋಟೊದಲ್ಲೂ ನಾಲ್ಕನೆಯವರೊಬ್ಬರಿದ್ದಾರೆ. ಶೃಂಗೇರಿಯಲ್ಲಿ ಮೀನಿಗೆ ಹಾಕುವ ಮಂಡಕ್ಕಿ ಮಾರುವ ಹೆಂಗಸು. ಬಾಳೆಹೊನ್ನೂರು ಬಸ್ಸಿನ ಕಂಡಕ್ಟರ್, ಬಾಯಲ್ಲಿ ಸೀಟಿ. ಒಂದರಲ್ಲಿ ಯಾರದೋ ಮದುವೆಗೆ ಬಂದ ಅಜ್ಜ, ತಾನು ಯಾಕೆ ನಿಂತಿದ್ದೇನೆಂದೇ ಗೊತ್ತಾಗದೆ ಕೈಮುಗಿದುಕೊಂಡು ನಿಂತಿದ್ದಾರೆ. ಎಷ್ಟು ನಕ್ಕಿದ್ದೇವೆ!

ಕಳೆದ ಅಕ್ಟೋಬರ್ ರಜೆಯಲ್ಲಿ ಸಿರಿಮನೆ ಜಲಪಾತಕ್ಕೆ ಹೋದೆವು. ವಾರದ ಮಧ್ಯೆ, ಬೆಳಿಗ್ಗೆ ಬೇಗ. ಸುತ್ತ ನರಪಿಳ್ಳೆ ಇಲ್ಲ. ನಸೀಮಾ ಊಟದ ಡಬ್ಬಿಗಳನ್ನು ಒಂದರ ಮೇಲೊಂದಿಟ್ಟು ಮೇಲೆ ಕ್ಯಾಮೆರಾ ಕೂರಿಸಿದಳು. ನಾನು ಟೈಮರ್ ಒತ್ತಿ ಓಡಿ ಬಂದೆ. "ಬ್ಯಾಡ ಕಣ್ರೇ, ಬ್ಯಾಡ," ಎನ್ನುತ್ತಿದ್ದ ಗಿರಿಜಾಳನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸಿದೆವು. ತಪ್ಪಿಸಿಕೊಳ್ಳಲು ಹೋಗಿ ಅವಳಿಗೇ ನಗು ಬಂತು. ಆ ಹೊತ್ತಿಗೆ ಸರಿಯಾಗಿ ಕ್ಲಿಕ್.

ವಾಪಸ್ ಬರುವ ದಾರಿಯುದ್ದಕ್ಕೂ "ಅದನ್ನ ಅಳ್ಸೇ" ಎಂದು ಒಂದೇ ಸಮನೆ ಪೀಡಿಸಿದಳು. ನಾನು ಅಳಿಸಲಿಲ್ಲ. "ಹಿಂದಿ ಟೀಚರೇ, ಮೂಢನಂಬಿಕೆಗೆ ಹಿಂದೀಲಿ ಎಂತ ಅಂತಾರೆ?" ಎಂದು ಕಿಚಾಯಿಸಿದೆ.

ಹತ್ತನೇ ದಿನಕ್ಕೆ ಗಿರಿಜಾಳ ರಿಪೋರ್ಟ್ ಬಂತು. ಆರು ತಿಂಗಳಿಂದ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಿದ್ದಳಲ್ಲ, ಆ ಹೊಟ್ಟೆನೋವು ಗ್ಯಾಸ್ಟ್ರಿಕ್ ಆಗಿರಲಿಲ್ಲ. ಕ್ಯಾನ್ಸರ್.

ಅವತ್ತು ಸಂಜೆ ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಕ್ಯಾಮೆರಾ ಹುಡುಕಿದೆ. ಗ್ರಹಣದ ದಿನ ಮಕ್ಕಳನ್ನು ಶಾಲೆಯ ಅಂಗಳದಲ್ಲಿ ಕೂರಿಸಿ ಅವಲಕ್ಕಿ ತಿನ್ನಿಸಿದವಳು ನಾನು. ಬೆಕ್ಕು ಅಡ್ಡ ಬಂದರೆ ಅದಕ್ಕೂ ಏನೋ ಕೆಲಸವಿರುತ್ತದೆ, ದಾರಿ ಬಿಡಿ ಎಂದು ಇದೇ ಅಂಕಣದಲ್ಲಿ ಬರೆದವಳು. (ನಿಮ್ಮಲ್ಲಿ ಕೆಲವರು ಬೈದು ಪತ್ರ ಬರೆದಿದ್ದಿರಿ. ನೆನಪಿದೆ.) ಆ ನಾನು ಡಿಲೀಟ್ ಒತ್ತಿದೆ. ಗಡ್ಡೆ ಫೋಟೊಗಿಂತ ಎಷ್ಟೋ ಮೊದಲೇ ಅವಳ ಹೊಟ್ಟೆಯಲ್ಲಿತ್ತು. ಅದು ಗೊತ್ತಿದ್ದೂ ಒತ್ತಿದೆ. ಯಾರಿಗೂ ಹೇಳಲಿಲ್ಲ.

ಮಂಗಳೂರಿನ ಆಸ್ಪತ್ರೆಗೆ ಓಡಾಡಿ ಓಡಾಡಿ, ಕೊನೆಗೆ ಡಾಕ್ಟರೇ ಇನ್ನು ಮನೆಯಲ್ಲಿರಲಿ ಎಂದ ಮೇಲೆ ಗಿರಿಜಾ ಕೊಪ್ಪಕ್ಕೆ ಬಂದಳು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ದಿನಾ ಹೋಗಿ ಅವಳ ಮಂಚದ ಹತ್ತಿರ ಕೂರುತ್ತಿದ್ದೆವು. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದಳು.

"ಆವತ್ತು ಸಿರಿಮನೇಲಿ ತೆಗ್ದ ಫೋಟೊ ತೋರ್ಸೇ. ನಾವು ಮೂರೇ ಜನ ಇರದು ಅದೊಂದೇ."

"ಬ್ಯಾಡ ಅಂತಿದ್ದೆ?"

"ಇನ್ನೆಂತ ಆಗದು ಬಾಕಿ ಇದೆ ಮಾರಾಯ್ತಿ? ತೋರ್ಸು."

ನಾಳೆ ತರುತ್ತೇನೆ ಎಂದೆ. ಮರುದಿನ ಕ್ಯಾಮೆರಾ ಚಾರ್ಜ್ ಆಗಿಲ್ಲ ಎಂದೆ. ಅದರ ಮರುದಿನ ಮರೆತೆ ಎಂದೆ. ದಿನ ಎಣಿಸುತ್ತ ಮಲಗಿದವಳಿಗೆ ನಾಳೆ ನಾಳೆ ಎನ್ನುವ ಹೆಂಗಸಿಗೆ ನೀವು ಏನನ್ನುತ್ತೀರಿ?

ಗೇಟಿನ ಹೊರಗೆ ಬಂದ ಮೇಲೆ ನಸೀಮಾ ನಿಲ್ಲಿಸಿ ಕೇಳಿದಳು. "ಇದೆಯಾ, ಇಲ್ವಾ?"

ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ರಸ್ತೆ ನೋಡುತ್ತ, "ರಿಪೋರ್ಟ್ ಬಂದ ದಿನ ನಾನೇ ನಿಂಗೆ ಫೋನ್ ಮಾಡಿ ಅಳ್ಸು ಅನ್ನೋಣ ಅಂತಿದ್ದೆ. ನೀನು ನಗ್ತೀಯ ಅಂತ ಸುಮ್ನಾದೆ," ಎಂದಳು. ರಮೇಶಣ್ಣನ ಅಂಗಡಿ ಹೇಳಿದವಳೂ ಅವಳೇ.

"ಡಿಲೀಟ್ ಮಾಡಿದ್ರೆ ಫೋಟೊ ಹೋಗಲ್ಲ ಮೇಡಂ," ಎಂದರು ರಮೇಶಣ್ಣ. "ಪಟ್ಟಿಯಿಂದ ಅದರ ಹೆಸರು ಹೋಗ್ತದೆ ಅಷ್ಟೆ. ಫೋಟೊ ಅಲ್ಲೇ ಇರ್ತದೆ, ಅದರ ಜಾಗದಲ್ಲಿ ಬೇರೆದು ಬಂದು ಕೂರುವ ತನಕ." ಇಂಥ ಮಾತು ಪ್ರವಚನದಲ್ಲಿ ಬಂದಿದ್ದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಇವರು ಸ್ಕ್ರೂಡ್ರೈವರಿನಿಂದ ಬೆನ್ನು ತುರಿಸಿಕೊಳ್ಳುತ್ತ ಹೇಳಿದರು.

"ಆಮೇಲೆ ಈ ಕಾರ್ಡಲ್ಲಿ ಏನಾದ್ರೂ ತೆಗ್ದಿದೀರಾ?"

ತೆಗೆದಿದ್ದೆ. ಇಡೀ ಸ್ಕೂಲ್ ಡೇ. ರಮೇಶಣ್ಣ ತುಟಿ ಬಿಗಿದರು. "ನೋಡಣ. ನಾಡಿದ್ದು ಬನ್ನಿ."

ಆ ಎರಡು ದಿನ ನಾನು ಬೇಡದ ದೇವರಿಲ್ಲ. (ಹೌದು, ನಾನೇ.)

ಫೋಟೊ ಬಂದಿತ್ತು. ಪೂರ್ತಿ ಅಲ್ಲ. ಮೇಲಿನ ಅರ್ಧದಲ್ಲಿ ಜಲಪಾತ, ಮೂರು ಮುಖ. ಕುತ್ತಿಗೆಯಿಂದ ಕೆಳಗೆ ಬರೀ ಬೂದುಬಣ್ಣ. ಅಲ್ಲಿ ಸ್ಕೂಲ್ ಡೇ ಬಂದು ಕೂತಿತ್ತು. ಗಿರಿಜಾ ಕಣ್ಣು ಮುಚ್ಚಿ, ಬಾಯ್ತುಂಬ ನಗುತ್ತಿದ್ದಳು. ನಾನು ಅಂಗಡಿಯಲ್ಲೇ ಅತ್ತುಬಿಟ್ಟೆ.

ಅದನ್ನು ಫೋನಿಗೆ ಹಾಕಿಸಿಕೊಂಡು ನೇರ ಅವಳ ಮನೆಗೆ ಹೋದೆ. ನಸೀಮಾ ಆಗಲೇ ಬಂದಿದ್ದಳು. ಗಿರಿಜಾ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಕೆಳಗೆಂತ ಇದು, ಬೂದಿ ಬಳ್ದಂಗೆ?"

ಇನ್ನು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಹೇಳಿದೆ. ಅವಳು ನಗಲು ಶುರು ಮಾಡಿದಳು. ನಕ್ಕರೆ ನೋವಾಗುತ್ತಿತ್ತು, ಹೊಟ್ಟೆ ಹಿಡಿದುಕೊಂಡೇ ನಕ್ಕಳು. "ಸೈನ್ಸ್ ಟೀಚರ್! ಗ್ರಹಣಕ್ಕೆ ಅವಲಕ್ಕಿ ತಿನ್ಸಿದ ಸೈನ್ಸ್ ಟೀಚರ್!"

ನಗು ನಿಂತ ಮೇಲೆ ಮತ್ತೆ ಫೋಟೊ ನೋಡಿದಳು. "ನಾನು ಚೆಂದ ಇದ್ದೆ ಅಲ್ದನೇ?" ಎಂದಳು. ನಸೀಮಾ ಎದ್ದು ಕಿಟಕಿಯ ಹತ್ತಿರ ಹೋದಳು.

"ಸಾಕು, ನೋಡಿದ್ದಾಯ್ತು. ಈಗ ಅಳ್ಸು. ನೀವಿಬ್ರಾದ್ರೂ ಇರ್ಬೇಕಲ್ಲ."

ಅವಳ ಎದುರಿಗೇ ಏನೋ ಒತ್ತಿದ ಹಾಗೆ ಮಾಡಿದೆ. ಈ ಸಲ ಅಳಿಸಲಿಲ್ಲ. ಅವಳಿಗೆ ಹೇಳಿದ ಕೊನೆಯ ಸುಳ್ಳು ಅದು. ಹನ್ನೊಂದು ದಿನ ಕಳೆದು ಗಿರಿಜಾ ಹೋದಳು.

ಮೊನ್ನೆ ಭಾನುವಾರ ನಸೀಮಾ, ನಾನು ಶೃಂಗೇರಿಗೆ ಹೋಗಿದ್ದೆವು. ಹೊಳೆಯ ಮೆಟ್ಟಿಲ ಹತ್ತಿರ ಮಂಡಕ್ಕಿ ಮಾರುವ ಹೆಂಗಸು ದೂರದಿಂದಲೇ ನಮ್ಮನ್ನು ಗುರುತು ಹಿಡಿದಳು. ನನ್ನ ಹೆಗಲಲ್ಲಿ ಕ್ಯಾಮೆರಾ ಕಂಡದ್ದೇ ತಡ, ಬುಟ್ಟಿ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು, ಯಾರೂ ಕರೆಯದಿದ್ದರೂ ನಗುತ್ತ ಬಂದು ನಮ್ಮ ಪಕ್ಕ ನಿಂತಳು.

ಎಣಿಸಿದೆ. ಮೂವರು. ಇನ್ನೊಬ್ಬರನ್ನು ಕೈಹಿಡಿದು ಎಳೆದು ತರಲು ಗಿರಿಜಾ ಎಲ್ಲಿ?