ಅಂಬಾಸಿಡರ್ ಕಾರಿನ ತಿರುಪು

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ನನ್ನ ಗಂಡ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡು, ಅಂಗಳದಲ್ಲಿ ಬಿಚ್ಚಿ ಹರಡಿಕೊಂಡಿದ್ದರು. ಒಂದು ಭಾನುವಾರ ಅದರ ಬಾಗಿಲಿನ ಪುಟ್ಟ ತಿರುಪು ಮಣ್ಣಿಗೆ ಬಿತ್ತು. ಅವರು ಮಂಡಿಯೂರಿ ಕುಳಿತು, ನನ್ನ ಹಿಟ್ಟಿನ ಜರಡಿಯಲ್ಲಿ ಮಣ್ಣು ಸೋಸತೊಡಗಿದರು. ಯುಗಾದಿಯಲ್ಲಿ ನನ್ನ ಓಲೆಯ ತಿರುಪು ಕಳೆದಾಗ ಕತ್ತೆತ್ತಿಯೂ ನೋಡದವರು! ನನಗೆ ಮೈಯೆಲ್ಲ ಉರಿಯಿತು.

"ನಾನು ಕಾರಾಗಿ ಹುಟ್ಬೇಕಿತ್ತು ಕಣ್ರೀ," ಅಂದೆ.

"ಇದು ಅಂಗಡೀಲಿ ಸಿಗಲ್ಲ ಕಣೇ. ನಿಂದು ಎಲ್ ಬೇಕಾದ್ರೂ ಸಿಗ್ತದೆ," ಎಂದರು, ತಲೆಯೆತ್ತದೆ.

ತಿರುಪು ಸಿಗಲಿಲ್ಲ. ಮರುದಿನ ರಜೆ ಹಾಕಿ, ಬೆಂಗಳೂರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಅಂಥದ್ದೇ ಒಂದನ್ನು ತಂದು ಅಂಗೈಯಲ್ಲಿಟ್ಟು ತೋರಿಸಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಊಟ ಬಡಿಸದೆ, ಓಲೆಗಳನ್ನು ಸೆರಗಿಗೆ ಕಟ್ಟಿಕೊಂಡು, ಹೊಸ ತಿರುಪು ಹಾಕಿಸಲು ಒಬ್ಬಳೇ ಅಕ್ಕಸಾಲಿಗರ ಅಂಗಡಿಗೆ ಹೊರಟೆ.