ತಟ್ಟೆಗೆ ಪಕ್ಕವಾದ್ಯ

ಪಿಟೀಲು ಮೇಷ್ಟ್ರ ಸಿಟ್ಟು ಕಛೇರಿಯ ಪೋಸ್ಟರಿನಿಂದಲೇ ಶುರುವಾಗುತ್ತದೆ. ಅದರಲ್ಲಿ ದಪ್ಪಕ್ಷರದಲ್ಲಿ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಂತ ನರಕೋಶಗಳು, ಕೆಳಗೆ ಸಣ್ಣದಾಗಿ 'ಪಕ್ಕವಾದ್ಯ' ಎಂದು ಇವರು. "ಗಾಜಿನ ತಟ್ಟೆಗೆ ನಾನು ಪಕ್ಕವಾದ್ಯ ನುಡಿಸ್ಬೇಕಂತೆ," ಎಂದು ಗೊಣಗುತ್ತಲೇ ವೇದಿಕೆ ಹತ್ತುತ್ತಾರೆ. ಇವರ ನಾದ ವಿದ್ಯುತ್ತಾಗಿ ತಟ್ಟೆಯ ಕೋಶಗಳನ್ನು ಮುಟ್ಟುತ್ತದೆ. ಅವು ಮಿಡಿದದ್ದು ಸ್ಪೀಕರಿನಲ್ಲಿ ಟಕಟಕ ಎಂದು ಕೇಳುತ್ತದೆ. ತಟ್ಟೆಗೆ ಬೆಚ್ಚಗಿನ ಪೆಟ್ಟಿಗೆ, ಇವರಿಗೆ ಬೆರಳು ಮರಗಟ್ಟಿಸುವ ಏಸಿ. ಕೋಶಗಳಿಗೆ ಸೋಂಕು ತಗಲೀತೆಂದು ಇವರ ಬಾಯಿಗೆ ಮಾಸ್ಕು ಬೇರೆ. "ಕಿವಿಯಿಲ್ಲ, ತಾಳವಿಲ್ಲ, ಅದಕ್ಕೆ ಚಪ್ಪಾಳೆ ಬೇರೆ ಕೇಡು. ಅದು ತಪ್ಪಿದ್ರೆ ಪ್ರಯೋಗ, ನಾನು ತಪ್ಪಿದ್ರೆ ವಯಸ್ಸಾಯ್ತು," ಎಂದು ಮಧ್ಯಂತರದಲ್ಲಿ ಸಿಕ್ಕಸಿಕ್ಕವರ ಮೇಲೆ ಹರಿಹಾಯುತ್ತಾರೆ. ಆದರೂ ಅದು ತಡವರಿಸಿದಾಗ ಕಮಾನು ನಿಧಾನಿಸಿ ಕಾಯುತ್ತಾರೆ. ಯಾವ ಶಿಷ್ಯನಿಗೂ ಹಾಗೆ ಕಾದವರಲ್ಲ. ಆ ಸಿಟ್ಟೆಲ್ಲ ನಿಜವಾಗಿ ನೆತ್ತಿಗೇರುವುದು ಕಛೇರಿ ಮುಗಿದ ಮೇಲೆ, ಲ್ಯಾಬಿನ ಹುಡುಗಿ ಬ್ಲೀಚ್ ಬಾಟಲಿ ಹಿಡಿದು ಬಂದಾಗ. "ರೂಲ್ಸು ಸರ್, ಒಂದು ಕಛೇರಿ ಆದ್ಮೇಲೆ ಕೋಶಗಳನ್ನ ಸಾಯ್ಸಿ ತಟ್ಟೆ ತೊಳೆದುಬಿಡ್ಬೇಕು," ಎನ್ನುತ್ತಾಳೆ ಅವಳು, ಪ್ರತಿ ಸಲವೂ. ಪ್ರತಿ ಸಲವೂ ಮೇಷ್ಟ್ರು ಪಿಟೀಲು ಕೆಳಗಿಟ್ಟು ಅಡ್ಡ ನಿಲ್ಲುತ್ತಾರೆ: "ಸ್ವಲ್ಪ ತಡಿಯಮ್ಮ. ಇಷ್ಟು ಹೊತ್ತು ನನ್ನ ಜೊತೆ ನುಡಿಸಿದವನು. ಹೋಗಿ ಬಾ ಅಂತ ಒಂದು ಮಾತೂ ಹೇಳ್ದೆ ಕಳಿಸ್ತೀಯಾ?"